ನಿಂಗಾಜಮ್ಮನ ಓಡುಮಣೆ

ನಮ್ಮ ಊರಿನ ಬೀದಿ ಹರಿಯುತ್ತದೆ. ನೀರಲ್ಲ, ಮಣ್ಣಿನ ಬೀದಿಯೇ. ಇಪ್ಪತ್ತೈದು ಅಡಿ ಅಗಲ, ತುಸು ಅವಸರದಲ್ಲಿರುವ ಮನುಷ್ಯ ನಡೆಯುವಷ್ಟು ವೇಗ, ಹಗಲೂ ರಾತ್ರಿ ನಿಲ್ಲುವುದಿಲ್ಲ. ಊರನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರಲು ಅದಕ್ಕೆ ಎರಡು ಗಂಟೆ ಬೇಕು. ಒಳಗಡೆ ಒಂದು ದಡ, ಹೊರಗಡೆ ಒಂದು ದಡ, ಎರಡಕ್ಕೂ ಕಲ್ಲುಚಪ್ಪಡಿ ಹಾಸಿದೆ. ಮನೆ, ಅಂಗಡಿ, ಶಾಲೆ ಎಲ್ಲವೂ ದಡದ ಮೇಲೆ. ಎಲ್ಲಿಗಾದರೂ ಹೋಗಬೇಕಾದರೆ ಕಾಲೆತ್ತಿ ಬೀದಿಗೆ ಹಾಕುವುದು, ಜಾಗ ಬಂದಾಗ ಕಾಲೆತ್ತಿ ದಡಕ್ಕೆ ಹಾಕುವುದು. ಐದು ವರ್ಷದ ಕೂಸುಗಳೂ ಮಾಡುತ್ತವೆ. ಸೇತುವೆ ಕಟ್ಟಬಾರದೇ ಎಂದು ಹೊರಗಿನಿಂದ ಬಂದ ಜಾಣರು ಕೇಳುತ್ತಾರೆ. ಮೂರು ಸಲ ಕಟ್ಟಿದ್ದಾರೆ ಸ್ವಾಮಿ. ಮೂರು ಸಲವೂ ಬೆಳಗಾಗುವುದರೊಳಗೆ ಬೀದಿ ಒಂದು ಮೊಳ ಅಗಲವಾಗಿ ಸೇತುವೆ ಗಿಡ್ಡವಾಗಿತ್ತು. ಆಮೇಲೆ ಯಾರೂ ಕೈ ಹಾಕಲಿಲ್ಲ.

ಎರಡು ಮಾತನ್ನು ನಮ್ಮೂರಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಹೇಳಿಕೊಡುತ್ತಾರೆ. ಕಾಲೆತ್ತಿದವರಿಗೆ ಕೈ ಕೊಡಬಾರದು, ಕೊಟ್ಟರೆ ಇಬ್ಬರೂ ಬೀಳುತ್ತಾರೆ. ಕಾಲೆತ್ತಿದವರ ಕಾಲು ನೋಡಬಾರದು, ನೋಡಿದರೆ ಕಾಲು ತಡವರಿಸುತ್ತದೆ. ಹಾಗಾಗಿ ವಯಸ್ಸಾದವರು ದಡದ ಅಂಚಿಗೆ ಬಂದು ನಿಂತರೆ ಸುತ್ತಲಿನವರೆಲ್ಲ ಬೆನ್ನು ತಿರುಗಿಸುತ್ತಾರೆ. ಅದೇ ಮರ್ಯಾದೆ. ನಾಲ್ಕು ಸಲ ಕಾಲೆತ್ತಿ ನಾಲ್ಕು ಸಲವೂ ಇಳಿಸಿದವರು ಸದ್ದಿಲ್ಲದೆ ಮನೆಯೊಳಕ್ಕೆ ಹೋಗುತ್ತಾರೆ. ಆಮೇಲೆ ಅವರನ್ನು ‘ದಡ ಹಿಡಿದರು’ ಅನ್ನುತ್ತೇವೆ. ಹೊರದಡ ಹಿಡಿದವರಿಗಾದರೂ ಊರಬಾಗಿಲು ಆ ಕಡೆಗೇ ಇದೆ, ನಡೆದೋ ಹೊರಿಸಿಕೊಂಡೋ ಲೋಕ ಸೇರಬಹುದು. ಒಳದಡ ಹಿಡಿದವರಿಗೆ ಅದೂ ಇಲ್ಲ.

ನಾನು ಪುಟ್ಟತಾಯಿ. ಒಳದಡದಲ್ಲಿ ನನ್ನ ವೆಲ್ಡಿಂಗ್ ಶಾಪಿದೆ. ಅಜ್ಜಿಯ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಅಡಿ ಅಂಗುಲ ಅಲ್ಲಿ ಕಲಿತೆ, ಸಿಟ್ಟು ಮಾತ್ರ ಅಪ್ಪನಿಂದ ಬಂದದ್ದು. ನನ್ನ ಜೊತೆಗೆ ದೊಡ್ಡಮ್ಮ ಇದ್ದಾಳೆ, ನಮ್ಮಮ್ಮನ ಅಕ್ಕ ನಿಂಗಾಜಮ್ಮ. ಎಪ್ಪತ್ತೆಂಟು ವರ್ಷ. ದಡ ಹಿಡಿದು ಒಂಬತ್ತು ವರ್ಷವಾಯಿತು. ನಮ್ಮ ಮನೆಗೆ ನೇರ ಎದುರಿಗೆ, ಹೊರದಡದಲ್ಲಿ, ಅವಳ ಗೆಳತಿ ಹಲೀಮಾಬಿ, ನಮಗೆಲ್ಲ ಹಲೀಮಮ್ಮ. ಅವರೂ ಅದೇ ವರ್ಷ ದಡ ಹಿಡಿದರು. ಇಬ್ಬರ ನಡುವೆ ಇಪ್ಪತ್ತೈದು ಅಡಿ. ಇಬ್ಬರೂ ದಿನಾ ಮಧ್ಯಾಹ್ನ ತಮ್ಮ ತಮ್ಮ ಜಗುಲಿಯಲ್ಲಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದುಕೊಂಡು, ತಮ್ಮ ತಮ್ಮ ಕವಡೆ ಹಾಕಿ, ಬಿದ್ದದ್ದನ್ನು ಕೂಗಿ ಹೇಳಿ ಆಡುತ್ತಿದ್ದರು. ಒಬ್ಬರ ಕವಡೆ ಇನ್ನೊಬ್ಬರಿಗೆ ಕಾಣುವುದಿಲ್ಲ. ನಡುವೆ ಇಡೀ ಊರು ಹರಿದು ಹೋಗುತ್ತಿರುತ್ತದೆ.

“ಬಾರಾ ಬಿತ್ತು ಕಣೇ ನಿಂಗಾಜೂ!”

“ನಿನ್ ತಲೆ ಬಿತ್ತು! ಮೂರು ಸಲಾನೂ ಬಾರಾ ಬೀಳೋಕೆ ಅದೇನು ಕವಡೆಯಾ, ನಿಮ್ಮಪ್ಪನ ಮನೆ ಆಳಾ?”

ಇದು ಒಂಬತ್ತು ವರ್ಷ ನಡೆಯಿತು. ಬೀದಿಯ ಮೇಲೆ ಹೋಗುವವರೂ ಆಟ ಎಲ್ಲಿಗೆ ಬಂತು ಅಂತ ಕೇಳಿಕೊಂಡು ಹೋಗುತ್ತಿದ್ದರು.

ಹೋದ ತಿಂಗಳು ಹಲೀಮಮ್ಮನ ಮಗಳು ಮೆಹರುನ್ನೀಸಾಗೆ ವರ್ಗವಾಯಿತು. ಆಕೆ ಶಾಲೆ ಮೇಡಂ. ಆರ್ಡರ್ ಬಂದದ್ದು ಎಂಟು ತಾಸಿನ ದಾರಿಯ, ಬೀದಿ ನಿಂತೇ ಇರುವ ಒಂದು ಊರಿಗೆ. ತಾಯಿಯನ್ನು ಕರೆದುಕೊಂಡೇ ಹೋಗುತ್ತಾಳೆ, ಒಳ್ಳೆಯದೇ. ಗುರುವಾರ ಹೊರಡುವುದು ಅಂತ ಆಯಿತು. ಆ ಸುದ್ದಿ ಕೂಗಿ ಹೇಳಿದ ದಿನ ದೊಡ್ಡಮ್ಮ ಊಟ ಮಾಡಲಿಲ್ಲ. ತಟ್ಟೆ ತಳ್ಳಿ, “ಅವಳ ಕವಡೆ ಬೀಳೋದನ್ನ ಒಂದು ಸಲ, ಒಂದೇ ಒಂದು ಸಲ, ನನ್ನ ಕಣ್ಣಲ್ಲಿ ನೋಡ್ಬೇಕು ಪುಟ್ಟತಾಯಿ. ಆಮೇಲೆ ಅವಳು ಎಲ್ಲಿಗಾದ್ರೂ ಹಾಳಾಗಿ ಹೋಗ್ಲಿ,” ಅಂದಳು.

ಕಬ್ಬಿಣ ನನ್ನ ಕೈಯಲ್ಲಿ ಇರುವಾಗ ಇಪ್ಪತ್ತೈದು ಅಡಿ ಯಾವ ಲೆಕ್ಕ! ಅವತ್ತೇ ಶುರು ಮಾಡಿದೆ. ವಯಸ್ಸಾದವರಿಗೆ ಇಲ್ಲದ್ದು ಏನು? ಕಾಲಿನ ಕಸುವು. ಹಾಗಾದರೆ ಕಸುವನ್ನು ನಾವು ಕೊಡೋಣ. ಲಾರಿಯ ಎರಡು ಸ್ಪ್ರಿಂಗು ಹಾಕಿ ಒಂದು ಕುರ್ಚಿ ಮಾಡಿದೆ. ಕೂತು, ಪಟ್ಟಿ ಕಟ್ಟಿಕೊಂಡು, ಕೊಂಡಿ ಬಿಟ್ಟರೆ ಅದು ಮನುಷ್ಯನನ್ನು ಮೆಲ್ಲಗೆ ಬೀದಿಗೆ ಚಿಮ್ಮಬೇಕು. ಐದು ದಿನ ಊಟ ನಿದ್ದೆ ಬಿಟ್ಟು ಮಾಡಿದೆ, ಬಣ್ಣವನ್ನೂ ಹೊಡೆದೆ. ಮೊದಲು ರಾಗಿಮೂಟೆ ಕೂರಿಸಿ ಕೊಂಡಿ ಬಿಟ್ಟೆ. ಮೂಟೆ ಬೀದಿಯನ್ನು ಮುಟ್ಟಲೇ ಇಲ್ಲ. ನೆಟ್ಟಗೆ ಎದುರುದಡದ ಹೋಟೆಲಿನ ದೋಸೆಹಿಟ್ಟಿನ ಪಾತ್ರೆಗೆ ಹೋಗಿ ಬಿತ್ತು.

ಊರೇ ನಕ್ಕಿತು. ನಾನು ನಗಲಿಲ್ಲ. ದೊಡ್ಡಮ್ಮ ಬಾಗಿಲಲ್ಲಿ ನಿಂತು ಕುರ್ಚಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

“ಲೇ, ನಾನೇನು ರಾಗಿಮೂಟೆಯೇನೇ?”

“ಸ್ಪ್ರಿಂಗು ಸ್ವಲ್ಪ ಸಡಿಲ ಮಾಡ್ತೀನಿ, ತಡಿ.”

“ನಿನ್ನ ಬಾಯಿ ಸಡಿಲ ಮಾಡಬ್ಯಾಡ ಮೊದ್ಲು. ಯಾರನ್ನ ಕೇಳಿ ಮಾಡ್ದೆ ಇದನ್ನ?”

“ನಿನಗೋಸ್ಕರ ಮಾಡಿದ್ದು!”

“ನನಗೋಸ್ಕರ ಮಾಡ್ದೆ. ನನ್ನನ್ನ ಕೇಳಿ ಮಾಡ್ಲಿಲ್ಲ. ನನ್ನ ಕಾಲಿಗೆ ಏನಾಗೈತೆ ಅಂತ ಗೊತ್ತಾ ನಿನಗೆ? ಯಾವತ್ತಾದ್ರೂ ನನ್ನ ಕಾಲು ನೋಡಿದ್ದೀಯಾ?”

ನನಗೆ ರೇಗಿತು. ಕೈಯಲ್ಲಿದ್ದ ಸುತ್ತಿಗೆಯನ್ನು ಮೂಲೆಗೆ ಎಸೆದೆ. ಕಾಲು ನೋಡಬಾರದು ಅಂತ ನನಗೆ ಹೇಳಿಕೊಟ್ಟವಳೇ ಇವಳು! ಚಿಕ್ಕಂದಿನಲ್ಲಿ ಯಾರದೋ ಕಾಲು ನೋಡಿದೆ ಅಂತ ಕಿವಿ ಹಿಂಡಿದವಳೂ ಇವಳೇ! ಅದನ್ನೇ ಕೂಗಿ ಹೇಳಿದೆ. ಅವಳು ತಣ್ಣಗೆ ಕೋಲೂರಿಕೊಂಡು ದಡದ ಅಂಚಿಗೆ ಹೋಗಿ ನಿಂತಳು. ಬೀದಿಯ ಮೇಲಿದ್ದವರು, ಪಕ್ಕದ ಅಂಗಡಿಯವರು, ಎಲ್ಲರೂ ರೂಢಿಯಂತೆ ಬೆನ್ನು ತಿರುಗಿಸಿದರು. ನಾನೂ ತಿರುಗಿದೆ.

“ತಿರುಗಬ್ಯಾಡ. ನೋಡು,” ಅಂದಳು ದೊಡ್ಡಮ್ಮ.

ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನಾನು ವಯಸ್ಸಾದವರೊಬ್ಬರು ಕಾಲೆತ್ತುವುದನ್ನು ನೋಡಿದೆ. ಕುತ್ತಿಗೆಯವರೆಗೆ ಬಿಸಿಯಾಯಿತು, ನಾಚಿಕೆಯಿಂದ. ಆದರೂ ನೋಡಿದೆ. ಬಲಗಾಲು ಎದ್ದಿತು. ಸಲೀಸಾಗಿ, ನಡುಕವಿಲ್ಲದೆ, ನನ್ನ ಕಾಲಿನಷ್ಟೇ ಚೆನ್ನಾಗಿ ಎದ್ದಿತು! ಕಾಲು ಬೀದಿಯ ಮೇಲೆ ಹೋಗಿ ನಿಂತಿತು. ಅಷ್ಟರಲ್ಲಿ ಅವಳ ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅತ್ತ ಹುಡುಕಿತು, ಇತ್ತ ಹುಡುಕಿತು, ಏನೂ ಸಿಗಲಿಲ್ಲ. ಕೈಗೆ ಏನೂ ಸಿಗದೆ ಕಾಲು ಹಿಂದಕ್ಕೆ ಬಂತು.

“ಇನ್ನೊಂದು ಸಲ,” ಅಂದೆ.

ಇನ್ನೊಂದು ಸಲ, ಮತ್ತೊಂದು ಸಲ, ಆರು ಸಲ ಮಾಡಿಸಿದೆ. ಆರು ಸಲವೂ ಕಾಲು ಹೋಯಿತು, ಕೈ ಹುಡುಕಿತು. ಇಷ್ಟು ವರ್ಷ ಇಡೀ ಊರು ಬೆನ್ನು ತಿರುಗಿಸಿ ನಿಂತು, ಮುದುಕರಿಗೆ ಕಾಲಿಲ್ಲ, ಮುದುಕರಿಗೆ ಕಾಲಿಲ್ಲ ಅಂತ ಹೇಳಿಕೊಂಡು ಬಂದಿತ್ತು. ಕಾಲು ಇತ್ತು. ಇಲ್ಲದ್ದು ಹಿಡಿದುಕೊಳ್ಳುವುದಕ್ಕೆ ಒಂದು ಹಿಡಿ! ನನಗೆ ಎಷ್ಟು ಖುಷಿಯಾಯಿತು ಅಂದರೆ ಪಕ್ಕದಲ್ಲಿದ್ದ ಬಕೆಟ್ಟನ್ನು ಒದ್ದೆ.

“ದಡದಲ್ಲಿ ಒಂದು ಕಂಬ ನೆಟ್ರೆ?” ಅಂದೆ.

“ಕಂಬ ನಿಂತಿರ್ತದೆ, ಕಾಲು ಓಡ್ತದೆ. ನಡುವೆ ಹರಿದು ಹೋಗೋಳು ನಾನು,” ಅಂದಳು. “ಕಾಲು ಹೋಗೋ ಕಡೆಗೇ ಹಿಡಿಯೂ ಬರಬೇಕು. ಒಂದೇ ಸಲ ಜಗ್ಗಬಾರದು, ಎತ್ತಿನಗಾಡಿ ಹೊರಟಂಗೆ ನಿಧಾನಕ್ಕೆ ಹೊರಡಬೇಕು. ಇನ್ನೊಂದು. ಅದನ್ನ ಬಿಡೋದೂ ಹಿಡಿಯೋದೂ ನನ್ನ ಕೈಯಲ್ಲಿರಬೇಕು. ಬೇರೆಯವರು ಬಿಡೋದಾದ್ರೆ ನಾನು ಹತ್ತಲ್ಲ.”

ಆ ಮಾತಿನಿಂದಲೇ ಓಡುಮಣೆ ಹುಟ್ಟಿದ್ದು. ಬೀದಿ ಹರಿದು ಬರುವ ಕಡೆಯಿಂದ ನಮ್ಮ ಮನೆಯವರೆಗೆ, ದಡದ ಅಂಚಿಗೇ ಅರವತ್ತು ಅಡಿ ಉದ್ದಕ್ಕೆ ಎರಡು ಕಬ್ಬಿಣದ ಹಳಿ. ಹಳಿಯ ಮೇಲೆ ನಾಲ್ಕು ಗಾಲಿಯ ಒಂದು ಹಲಗೆ, ಬೀದಿಯಷ್ಟೇ ಎತ್ತರಕ್ಕೆ. ಹಲಗೆಗೆ ಸೊಂಟದ ಮಟ್ಟಕ್ಕೆ ಒಂದು ಹಿಡಿ. ಅದರ ಪಕ್ಕದಲ್ಲಿ ಒಂದು ಸನ್ನೆಗೋಲು. ಸನ್ನೆಯನ್ನು ಒತ್ತಿದರೆ ಹಲಗೆಯಿಂದ ಚಾಚಿಕೊಂಡ ಒಂದು ತೋಳು ಇಳಿದು, ಅದರ ತುದಿಯ ಟೈರಿನ ತುಂಡು ಬೀದಿಯನ್ನು ಮುಟ್ಟುತ್ತದೆ. ಮೆಲ್ಲಗೆ ಒತ್ತಿದರೆ ಬೀದಿ ಹಲಗೆಯನ್ನು ಮೆಲ್ಲಗೆ ಎಳೆದುಕೊಂಡು ಹೊರಡುತ್ತದೆ. ಪೂರ್ತಿ ಒತ್ತಿದರೆ ಹಲಗೆಗೂ ಬೀದಿಗೂ ಒಂದೇ ವೇಗ. ಆಗ ಪಕ್ಕದಲ್ಲಿರುವ ಬೀದಿ ನಿಂತ ಹಾಗೆ ಕಾಣುತ್ತದೆ, ಅಡುಗೆಮನೆಯಿಂದ ನಡುಮನೆಗೆ ಹೋದ ಹಾಗೆ ಒಂದು ಹೆಜ್ಜೆ ಇಟ್ಟರೆ ಆಯಿತು. ಕರೆಂಟು ಬೇಡ, ಎಂಜಿನ್ನು ಬೇಡ. ನಮ್ಮನ್ನು ತಡೆದ ಬೀದಿಯ ಕೈಯಲ್ಲೇ ಚಾಕರಿ ಮಾಡಿಸುವುದು!

ಹೇಳುವುದು ಸುಲಭ. ಹಿಡಿಯನ್ನು ನನ್ನ ಸೊಂಟದ ಅಳತೆಗೆ ಮಾಡಿದ್ದೆ, ದೊಡ್ಡಮ್ಮನ ಎದೆಗೆ ಬಂತು. ಕತ್ತರಿಸಿದೆ. ಸನ್ನೆ ಬಿಗಿಯಾಯಿತು ಅಂದಳು. ಬಿಚ್ಚಿದೆ. ಕೋಲು ಎಲ್ಲಿಡಲಿ ಅಂದಳು. ಕೋಲಿಗೊಂದು ಬಳೆ ಬೆಸೆದೆ. ಒಂದೊಂದಕ್ಕೂ ಬೈದಾಡಿಕೊಂಡೆವು. ಈ ನಡುವೆ ಬೀದಿ ಮೇಸ್ತ್ರಿ ಸಣ್ಣರಂಗಯ್ಯ ಸೀಟಿ ಊದಿಕೊಂಡು ಬಂದ. ಬೀದಿಯ ಕಾವಲು ಅವನದು, ಅವನಿಗೂ ಅರವತ್ತೈದು ದಾಟಿತ್ತು.

“ದಡದ ಮ್ಯಾಲೆ ಕಬ್ಬಿಣ ಹಾಕೋ ಹಂಗಿಲ್ಲ ಪುಟ್ಟತಾಯಮ್ಮ. ಯಾರ ಪರ್ಮಿಷನ್ ತಗೊಂಡೆ?”

“ಬೀದೀದು. ಹೋಗಿ ಕೇಳು, ನಿಂತ್ಕೊಂಡು ಉತ್ತರ ಕೊಟ್ರೆ ನನಗೂ ಹೇಳು.”

“ನಿನ್ನ ನಾಲಿಗೆಗೆ ಒಂದು ಬೆಸುಗೆ ಹಾಕ್ಸಬೇಕು,” ಅಂದ. ಹೋಗಲಿಲ್ಲ. ಅಲ್ಲೇ ನಿಂತು ಹಲಗೆಯ ಮೇಲೆ ಕೈಯಿಟ್ಟು ಒಂದೆರಡು ಸಲ ಹಿಂದಕ್ಕೂ ಮುಂದಕ್ಕೂ ದೂಡಿ ನೋಡಿದ.

ಕೊನೆಯ ಬೆಸುಗೆ ಆರುವಾಗ ಗುರುವಾರ ಬೆಳಗ್ಗೆ ಒಂಬತ್ತು ಗಂಟೆ. ಎದುರಿನ ದಡದಲ್ಲಿ ಮೆಹರುನ್ನೀಸಾ ಸಾಮಾನೆಲ್ಲ ಹೊರಗೆ ತಂದು ಜೋಡಿಸಿದ್ದಳು. ಊರಬಾಗಿಲಿನ ಆಚೆ ಲಾರಿ ಬಂದು ನಿಂತಿತ್ತು. ಹಲೀಮಮ್ಮನನ್ನು ಮಂಚದ ಮೇಲೆ ಕೂರಿಸಿ ನಾಲ್ಕು ಜನ ದಡದ ಮೇಲೆ ಬಾಗಿಲಿನವರೆಗೆ ಹೊತ್ತುಕೊಂಡು ಹೋಗುವುದು ಅಂತ ಗೊತ್ತಾಗಿತ್ತು. ಹೊರಡುವುದು ಹನ್ನೆರಡಕ್ಕೆ. ಮೂರು ಗಂಟೆ ಇದೆ, ಎರಡು ಆಟ ಆಗುತ್ತದೆ.

ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಸೊಂಟಕ್ಕೆ ಕವಡೆಯ ಚೀಲ ಸಿಕ್ಕಿಸಿಕೊಂಡು ಹಲಗೆಯ ಮೇಲೆ ನಿಂತಳು. ಜನ ಸೇರಿದ್ದರು, ರೂಢಿಯಂತೆ ಬೆನ್ನು ತಿರುಗಿಸಿದರು. “ಯಾರೂ ತಿರುಗಬ್ಯಾಡ್ರಿ! ಎಲ್ರೂ ಇವತ್ತು ಕಣ್ಣು ಬಿಟ್ಕೊಂಡು ನೋಡ್ರಿ!” ಅಂತ ನಾನು ಕಿರುಚಿದೆ. ಒಬ್ಬೊಬ್ಬರಾಗಿ, ಕಳ್ಳರ ಹಾಗೆ, ಇತ್ತ ತಿರುಗಿದರು. ದೊಡ್ಡಮ್ಮ ಸನ್ನೆ ಒತ್ತಿದಳು. ಟೈರು ಕರ್ರ್ ಅಂದಿತು. ಹಲಗೆ ಹೊರಟಿತು. ನಾನು ದಡದ ಮೇಲೆ ಜೊತೆಗೇ ಓಡಿದೆ. ಹತ್ತು ಅಡಿ, ಇಪ್ಪತ್ತು ಅಡಿ, ಹಲಗೆಯೂ ಬೀದಿಯೂ ಒಂದಾದವು. ಅವಳು ಹಿಡಿ ಹಿಡಿದುಕೊಂಡೇ ಬಲಗಾಲು ಇಟ್ಟಳು, ಎಡಗಾಲು ಇಟ್ಟಳು, ಬಳೆಯಿಂದ ಕೋಲು ತೆಗೆದುಕೊಂಡಳು, ಹಿಡಿ ಬಿಟ್ಟಳು.

ನಿಂಗಾಜಮ್ಮ ಬೀದಿಯ ಮೇಲೆ ನಿಂತಿದ್ದಳು!

ಆ ಕೂಗು ಊರಬಾಗಿಲಿನ ಲಾರಿಯವನಿಗೂ ಕೇಳಿಸಿತಂತೆ. ಸಣ್ಣರಂಗಯ್ಯ ಸುಮ್ಮಸುಮ್ಮನೆ ಸೀಟಿ ಊದಿದ. ನಾನು ಯಾರನ್ನೋ ತಬ್ಬಿಕೊಂಡೆ, ಯಾರನ್ನು ಅಂತ ಈಗ ನೆನಪಿಲ್ಲ. ದೊಡ್ಡಮ್ಮ ಕೋಲೂರಿಕೊಂಡು ಹನ್ನೆರಡು ಹೆಜ್ಜೆ ಹಾಕಿ ಹೊರದಡದ ಅಂಚಿಗೆ ಬಂದಳು. ಅಲ್ಲಿ ನಿಂತಳು. ಹಲೀಮಮ್ಮನ ಜಗುಲಿ ಅವಳ ಪಕ್ಕಕ್ಕೇ ಬಂತು, ಹಲೀಮಮ್ಮ ಎರಡೂ ಕೈ ಚಾಚಿದರು, ಜಗುಲಿ ಹಿಂದೆ ಸರಿಯಿತು. ದೊಡ್ಡಮ್ಮ ಇಳಿಯಲಿಲ್ಲ. ತಿರುಗಿ ನನ್ನನ್ನು ನೋಡಿದಳು.

“ಪುಟ್ಟತಾಯಿ! ಇಳಿಯೋ ಮಣೆ ಎಲ್ಲೇ?”

ಇಳಿಯುವುದಕ್ಕೆ ಮಣೆ ಮಾಡಿರಲಿಲ್ಲ. ನೆನಪೇ ಬಂದಿರಲಿಲ್ಲ. ನನಗಷ್ಟೇ ಅಲ್ಲ, ದೊಡ್ಡಮ್ಮನಿಗೂ ಬಂದಿರಲಿಲ್ಲ. ಹತ್ತುವುದು ಕಷ್ಟ, ಇಳಿಯುವುದೇನು ಮಹಾ ಅನ್ನುವ ಮಾತು ನಮ್ಮೂರಿನ ರಕ್ತದಲ್ಲೇ ಇದೆ. ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡವರನ್ನೂ ನಾವು ‘ಹತ್ತಿದ್ದು ಸರಿಯಿರಲಿಲ್ಲ’ ಅಂತಲೇ ಅನ್ನುತ್ತಿದ್ದೆವು!

“ಕೂತ್ಕೋ ದೊಡ್ಡಮ್ಮ! ಇಳೀಬ್ಯಾಡ! ಒಂದು ಸುತ್ತು ಹೋಗಿ ಬಾ! ಎರಡು ಗಂಟೇಲಿ ಮಾಡ್ತೀನಿ!”

“ಮಾಡ್ದಿದ್ರೆ?”

“ಮಾಡ್ತೀನಿ ಅಂದ್ನಲ್ಲ, ಮುಚ್ಕೊಂಡು ಕೂತ್ಕೋ!”

ತಿರುವಿನಲ್ಲಿ ಅವಳ ಸೀರೆಯ ಅಂಚು ಮರೆಯಾಯಿತು. ನಾನು ಶಾಪಿಗೆ ಓಡಿದೆ. ಶಾಲೆಯ ಬೇಲಿಗೆಂದು ತಂದಿಟ್ಟಿದ್ದ ಇಪ್ಪತ್ತು ಅಡಿಯ ಆರು ಕಬ್ಬಿಣದ ಆ್ಯಂಗಲ್ ಇದ್ದವು. ಅವನ್ನು ಎಳೆದು ಹಾಕಿ, ಸ್ಪ್ಯಾನರ್, ಬೋಲ್ಟಿನ ಡಬ್ಬ, ಗರಗಸ ಚೀಲಕ್ಕೆ ತುಂಬಿದೆ. ವೆಲ್ಡಿಂಗ್ ಮಷೀನನ್ನು ಹೊತ್ತುಕೊಂಡು ಬೀದಿಗೆ ಹಾರುವುದು ಆಗದ ಮಾತು. ಬೋಲ್ಟಿನಲ್ಲೇ ಆಗಬೇಕು. ಒಂದು ಆ್ಯಂಗಲ್ ಹೆಗಲಿಗೆ ಹಾಕಿಕೊಂಡು ಬೀದಿ ದಾಟಿ ಹೊರದಡಕ್ಕೆ ಹಾರಿದೆ. ಹಿಂದೆಯೇ ಇನ್ನೊಂದು ಹೊತ್ತುಕೊಂಡು ಸಣ್ಣರಂಗಯ್ಯ ಹಾರಿದ. “ಪರ್ಮಿಷನ್ ಇಲ್ದೆ ಇದೇ ಕೊನೆ, ಹೇಳಿದ್ದೀನಿ!” ಅನ್ನುತ್ತಲೇ ಮತ್ತೆ ಹೋಗಿ ಇನ್ನೊಂದು ತಂದ.

ಹಳಿ ಆಯಿತು. ಹಲಗೆ? ಗಾಲಿ? ಸುತ್ತ ನೋಡಿದೆ. ಕಟ್ಟಿಟ್ಟ ಸಾಮಾನಿನ ನಡುವೆ ಹಲೀಮಮ್ಮನ ಕಬ್ಬಿಣದ ಮಂಚ. ನಾಲ್ಕು ಕಾಲಿಗೂ ಗಾಲಿ ಇದ್ದ ಹಳೆಯ ಮಂಚ.

“ಪುಟ್ಟತಾಯಕ್ಕ, ಬ್ಯಾಡ,” ಅಂದಳು ಮೆಹರುನ್ನೀಸಾ, ನನ್ನ ಕಣ್ಣು ಎಲ್ಲಿ ನಿಂತಿತು ಅಂತ ನೋಡಿ. “ಅದರ ಮೇಲೆ ಅಮ್ಮನ್ನ ಹೊರಬೇಕು. ಹನ್ನೆರಡಕ್ಕೆ ಲಾರಿ ಹೊರಡ್ತದೆ.”

“ಹೊರೋಕೆ ಬೇರೆ ಏನಾದ್ರೂ ಸಿಗ್ತದೆ ಮೇಡಂ. ಕಾಲು ಮೋಟು ಮಾಡ್ತೀನಿ ಅಷ್ಟೆ.”

“ಅದು ಅಮ್ಮನ ಮದುವೆ ಮಂಚ!”

“ಕತ್ತರಿಸು ಪುಟ್ಟತಾಯಿ,” ಅಂದರು ಹಲೀಮಮ್ಮ ಜಗುಲಿಯಿಂದ. “ಐವತ್ತು ವರ್ಷ ಕಿರಗುಟ್ಟಿ ನನ್ನ ನಿದ್ದೆ ಕೆಡಿಸೈತೆ. ಒಂದು ದಿನವಾದ್ರೂ ಕೆಲಸಕ್ಕೆ ಬರಲಿ.”

ಕತ್ತರಿಸಿದೆ. ಕಾಲುಗಳನ್ನು ಮೋಟು ಮಾಡಿ ಗಾಲಿಗಳನ್ನು ಮತ್ತೆ ಬಿಗಿದೆ, ಮೇಲೊಂದು ಹಿಡಿ, ಪಕ್ಕಕ್ಕೆ ಸನ್ನೆ, ಟೈರಿನ ತೋಳು ಕೂಡಿಸಿದೆ. ಬೆವರು ಕಣ್ಣಿಗೆ ಇಳಿಯಿತು. ಮೆಹರುನ್ನೀಸಾ ಮುಖ ಗಂಟಿಕ್ಕಿಕೊಂಡೇ ಬೋಲ್ಟು ಎತ್ತಿಕೊಡತೊಡಗಿದಳು. ಅವಳ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು. ಊರಿನ ಒಂದೊಂದು ಮೂಲೆಯಿಂದ ಒಬ್ಬೊಬ್ಬರು. ಅಕ್ಕಿ ಗಿರಣಿ ಹತ್ತಿರ ನಿಂಗಾಜಮ್ಮ ಹೋದರು, ಸ್ಟೂಲ್ ಕೊಟ್ಟಿದ್ದೇವೆ. ಪೋಸ್ಟಾಫೀಸಿನ ಹತ್ತಿರ ಮಜ್ಜಿಗೆ ಕುಡಿದರು. ಕನ್ನಡಕದಂಗಡಿಯ ಬೋರ್ಡು ಓದಿ, ಇದು ಯಾವಾಗ ಬಂತು ಅಂತ ಬೈದರು. ಹಿಂದೆ ಹನ್ನೆರಡು ಜನ ಬರುತ್ತಿದ್ದಾರೆ. ಈಗ ಇಪ್ಪತ್ತು ಜನ.

“ಇಳಿಯೋ ಯೋಚನೆ ಐತೆ ತಾನೆ ಅವರಿಗೆ?” ಅಂದ ಸಣ್ಣರಂಗಯ್ಯ.

ದೊಡ್ಡಮ್ಮ ಹೊರಟು ಒಂದು ಗಂಟೆ ಐವತ್ತು ನಿಮಿಷವಾದಾಗ ಸನ್ನೆಯ ಕೊನೆಯ ಬೋಲ್ಟು ಬಿಗಿದೆ. ಮಂಚವನ್ನು ಹಳಿಯ ಮೇಲೆ ಒಂದು ಸಲ ದೂಡಿದೆ, ಕಿರಗುಟ್ಟುತ್ತಾ ಓಡಿತು. ಈಗ ಇನ್ನೊಂದು ಫಜೀತಿ ನೆನಪಾಯಿತು. ಹತ್ತುವಾಗ ಸನ್ನೆ ಹತ್ತುವವರ ಕೈಯಲ್ಲಿ ಇರುತ್ತದೆ. ಇಳಿಯುವಾಗ ಅವರು ಬೀದಿಯಲ್ಲಿ, ಮಣೆ ದಡದಲ್ಲಿ. ಮಣೆಯನ್ನು ಯಾರಾದರೂ ಓಡಿಸಿಕೊಂಡು ಅವರ ಪಕ್ಕಕ್ಕೆ ತರಬೇಕು. ಬೇರೆಯವರು ಬಿಡುವುದಾದರೆ ಹತ್ತಲ್ಲ ಅಂದವಳು ಬೇರೆಯವರು ತಂದದ್ದಕ್ಕೆ ಇಳಿಯುತ್ತಾಳಾ?

“ನನ್ನ ಮಂಚ ಅಲ್ವಾ,” ಅಂದರು ಹಲೀಮಮ್ಮ. “ನಾನೇ ತರ್ತೀನಿ.” ಮಗಳು ಬೇಡ ಅನ್ನುವಷ್ಟರಲ್ಲಿ ಜಗುಲಿ ಇಳಿದು, ಮೆಲ್ಲಗೆ ಬಂದು, ಮಂಚದ ಮೇಲೆ ಕೂತು, ಸನ್ನೆಗೆ ಕೈ ಹಾಕಿದರು. ಸಣ್ಣರಂಗಯ್ಯ ಬೆನ್ನು ತಿರುಗಿಸಿದವನು, ನನ್ನ ಮುಖ ನೋಡಿ, ಮತ್ತೆ ಇತ್ತ ತಿರುಗಿದ.

ತಿರುವಿನಿಂದ ದೊಡ್ಡಮ್ಮ ಬಂದಳು. ಬಂದಳು ಅಂದರೆ ಮೆರವಣಿಗೆಯೇ. ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಕಡಲೆಪುರಿಯ ಪೊಟ್ಟಣ, ಬಿಸಿಲಿಗೆ ಮುಖ ಕೆಂಪಾಗಿದೆ, ಹಿಂದೆ ಅರ್ಧ ಊರು. ಮೂವತ್ತು ಅಡಿ ಇರುವಾಗಲೇ ಎದ್ದು ನಿಂತಳು. ನಾನು ಕೈಬೀಸಿದೆ. ಹಲೀಮಮ್ಮ ಸನ್ನೆ ಒತ್ತಿದರು. ಮಂಚ ಕಿರ್ರೆಂದು ಹೊರಟಿತು, ಬೀದಿಯ ವೇಗ ಹಿಡಿಯಿತು, ದೊಡ್ಡಮ್ಮನ ಪಕ್ಕಕ್ಕೆ ಸರಿಯಾಗಿ ಬಂದು ಸೇರಿತು. ಇಬ್ಬರೂ ಒಂದೇ ವೇಗದಲ್ಲಿ ಓಡುತ್ತಿದ್ದರು, ಅದಕ್ಕೇ ಇಬ್ಬರೂ ಒಬ್ಬರೆದುರು ಒಬ್ಬರು ನಿಂತೇ ಇದ್ದರು. ನಡುವೆ ಒಂದು ಗೇಣು.

“ಬಾ ನಿಂಗಾಜು, ಕಾಲಿಡು,” ಅಂದರು ಹಲೀಮಮ್ಮ.

ದೊಡ್ಡಮ್ಮ ಅವರ ಮುಖ ನೋಡಿದಳು. ನಾನು ಪಕ್ಕದಲ್ಲಿ ಓಡುತ್ತಾ, “ಇಡು ದೊಡ್ಡಮ್ಮ, ಹಳಿ ಮುಗೀತದೆ, ಇಡೇ!” ಅಂತ ಬಾಯಿ ಬಡಿದುಕೊಂಡೆ.

“ಅಲ್ಲೇನೈತೆ, ನಿನ್ನ ಗಂಟುಮೂಟೆ ತಾನೆ?” ಅಂದಳು ದೊಡ್ಡಮ್ಮ. “ಈ ಕಡೆ ಬಾ. ಹೊಸಾ ಕನ್ನಡಕದಂಗಡಿ ಬಂದೈತೆ. ಗಿರಣಿಗೆ ಹಸಿರು ಬಣ್ಣ ಹೊಡೆದವ್ರೆ. ಬಾ, ತೋರಿಸ್ತೀನಿ.”

ಹಲೀಮಮ್ಮ ಹಿಡಿ ಹಿಡಿದುಕೊಂಡು ಎದ್ದರು. ಮೆಹರುನ್ನೀಸಾ “ಅಮ್ಮಾ!” ಅಂದಳು. ಹಲೀಮಮ್ಮನ ಬಲಗಾಲು ಬೀದಿಗೆ ಹೋಯಿತು, ಎಡಗಾಲು ಹಿಂದೆಯೇ ಹೋಯಿತು. ಖಾಲಿ ಮಂಚ ಹಳಿಯ ತುದಿಗೆ ಹೋಗಿ ಢಣ್ ಎಂದು ಬಡಿದುಕೊಂಡು ನಿಂತಿತು. ಅದರ ಪಕ್ಕದಲ್ಲಿ ನಾನೂ ಮೆಹರುನ್ನೀಸಾಳೂ ಬಾಯಿ ಬಿಟ್ಟುಕೊಂಡು ನಿಂತೆವು. ಇಬ್ಬರು ಮುದುಕಿಯರೂ ಬೀದಿಯ ನಡುವಿಗೆ ಹೋಗಿ, ನೆಲದ ಮೇಲೆ ಕೂತು, ಕೋಲಿನ ತುದಿಯಿಂದ ಮಣ್ಣಿನ ಮೇಲೆ ಚೌಕಾಬಾರದ ಮನೆ ಗೀರತೊಡಗಿದರು.

“ಅಮ್ಮಾ, ಲಾರಿ!” ಅಂತ ಮೆಹರುನ್ನೀಸಾ ಕೂಗಿದಳು.

“ಮಂಚದ ಮೇಲೆ ಹೊತ್ಕೊಂಡು ಹೋಗೋದು ಸತ್ತ ಮೇಲೆ ಐತೆ ಕಣೇ! ಊರಬಾಗಿಲಿಗೆ ನಾನು ಬೀದೀಲೇ ಬರ್ತೀನಿ!”

“ಬಾಗಿಲ ಹತ್ರ ಇಳಿಯೋ ಮಣೆ ಇಲ್ವಲ್ಲಮ್ಮಾ!”

“ಪುಟ್ಟತಾಯಿ ಇದ್ದಾಳಲ್ಲ!” ಅಂದಳು ದೊಡ್ಡಮ್ಮ ಹಿಂತಿರುಗಿಯೂ ನೋಡದೆ. ಅವಳ ಕಣ್ಣು ಹಲೀಮಮ್ಮನ ಕೈಯಲ್ಲಿದ್ದ ಕವಡೆಯ ಮೇಲೆ ಇತ್ತು.

ಹನ್ನೊಂದು ದಾಟಿತ್ತು. ಮಂಚ, ಹಳಿ ಎಲ್ಲ ಬಿಚ್ಚಿ ನಾಲ್ಕು ಜನ ಹೊತ್ತುಕೊಂಡು ದಡದ ಮೇಲೆ, ಬೀದಿಯ ಹರಿವಿಗೆ ಎದುರಾಗಿ, ಊರಬಾಗಿಲಿಗೆ ಹೋದೆವು. ಅವರಿಬ್ಬರೂ ಊರು ಸುತ್ತಿ ಬರುವಷ್ಟರಲ್ಲಿ ಮುಗಿಸಬೇಕು. ಯಾವ ಮಂಚದ ಮೇಲೆ ಹಲೀಮಮ್ಮನನ್ನು ಹೊರಬೇಕಾಗಿತ್ತೋ ಅದೇ ಮಂಚ, ಅದೇ ನಾಲ್ಕು ಜನ. ಬಾಗಿಲಿನ ಪಕ್ಕ ಚಪ್ಪಡಿ ಸ್ವಲ್ಪ ಇಳಿಜಾರು, ಹಳಿಗೆ ಕಲ್ಲು ಕೊಡಬೇಕಾಯಿತು. ನಾನು ಮಂಡಿಯೂರಿ ಮಟ್ಟ ನೋಡುತ್ತಿದ್ದೆ, ಬೋಲ್ಟು ಬಿಗಿಯುತ್ತಿದ್ದೆ, ಸಣ್ಣರಂಗಯ್ಯನಿಗೆ ಬೈಯುತ್ತಿದ್ದೆ. ಲಾರಿಯವನು ಹಾರ್ನ್ ಹೊಡೆದ, ಅವನಿಗೂ ಬೈದೆ. ಇನ್ನು ಎರಡು ಬೋಲ್ಟು, ಆಯಿತು, ಮುಗಿಯಿತು ಅನ್ನುವಾಗ ಬೀದಿ ಅವರಿಬ್ಬರನ್ನೂ ಹೊತ್ತು ತಂದಿತು.

ದೂರದಿಂದಲೇ ಜಗಳ ಕೇಳಿಸಿತು. “ಕಣ್ಣೆದುರಿಗೇ ಕವಡೆ ತಿರುವ್ತೀಯಲ್ಲೇ, ನಾಚಿಕೆ ಆಗಲ್ವಾ?” ಅನ್ನುತ್ತಿದ್ದವರು ಹಲೀಮಮ್ಮ. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ನಾನು ಸ್ಪ್ಯಾನರ್ ಎತ್ತಿ, “ಇನ್ನೆರಡೇ ಬೋಲ್ಟು! ಮುಂದಿನ ಸುತ್ತಿಗೆ ಎಲ್ಲಾ ರೆಡಿ!” ಅಂತ ಕೂಗಿದೆ.

ದೊಡ್ಡಮ್ಮನ ನಗು ನಿಂತಿತು. ಅವಳು ಕೋಲೂರಿ ಎದ್ದು, ದಡದ ಅಂಚಿಗೆ, ನನ್ನ ಪಕ್ಕಕ್ಕೇ ಬಂದಳು. ಹಾದುಹೋಗುವಷ್ಟು ಹೊತ್ತು ಮಾತ್ರ ಇತ್ತು. ಬಗ್ಗಿ, ಹಲೀಮಮ್ಮನಿಗೆ ಕೇಳಿಸದ ಹಾಗೆ ಹೇಳಿದಳು.

“ಪುಟ್ಟತಾಯಿ. ಬೇಗ ಮುಗಿಸಬ್ಯಾಡ ಕಣವ್ವ.”

ಬೀದಿ ಅವಳನ್ನು ಮುಂದಕ್ಕೆ ಒಯ್ದಿತು. ನಾನು ಸ್ಪ್ಯಾನರ್ ಹಿಡಿದುಕೊಂಡೇ ಕೂತಿದ್ದೆ. ಜೀವಮಾನದಲ್ಲಿ ಒಂದು ಕೆಲಸವನ್ನೂ ನಿಧಾನವಾಗಿ ಮಾಡಿದವಳಲ್ಲ ನಾನು, ಮಾಡುವುದು ಹೇಗೆ ಅಂತಲೂ ಗೊತ್ತಿರಲಿಲ್ಲ. ಲಾರಿಯವನು ಬಂದು, “ಇನ್ನೆಷ್ಟು ಹೊತ್ತಮ್ಮ ನಿಮ್ಮದು?” ಅಂದ. ನಾನು ಮೆಹರುನ್ನೀಸಾಳನ್ನು ನೋಡಿದೆ. ಅವಳಿಗೆ ದೊಡ್ಡಮ್ಮನ ಆ ಮಾತು ಕೇಳಿಸಿತ್ತು. ವಾಚು ನೋಡಿಕೊಂಡಳು, ಬೀದಿಯ ತಿರುವಿನ ಕಡೆ ನೋಡಿದಳು, ಅಲ್ಲಿ ಇಬ್ಬರು ಮುದುಕಿಯರೂ ತಲೆಗೆ ತಲೆ ತಾಗಿಸಿ ಕವಡೆ ಎಣಿಸುತ್ತಿದ್ದರು.

“ಹಳಿ ಸೊಟ್ಟ ಕಾಣ್ತದೆ ಅಲ್ವಾ ಪುಟ್ಟತಾಯಕ್ಕ?” ಅಂದಳು ಮೆಹರುನ್ನೀಸಾ.

ಹಳಿ ಕೂದಲೆಳೆಯಷ್ಟೂ ಸೊಟ್ಟ ಇರಲಿಲ್ಲ.

“ಪೂರ್ತಿ ಸೊಟ್ಟ,” ಅಂದೆ ನಾನು, ಬಿಗಿದಿದ್ದ ಮೊದಲನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬಿಚ್ಚತೊಡಗಿದೆ. “ಎಲ್ಲಾ ಮೊದಲಿಂದ ಮಾಡಬೇಕು. ಟೀ ತರಿಸಿ ಮೇಡಂ.”